ಕೂಸಿನ ಮನೆಯ ಘಾಟು

ಬರುತ್ತಿಲ್ಲ, ಏನೂ ಬರುತ್ತಿಲ್ಲ, ಕೆಂಡದ ಮೇಲೆ ಮೆಣಸಿನಕಾಯಿ ಉಬ್ಬಿತು, ಬೆನ್ನು ಕರ್ರಗಾಯಿತು, ಬೀಜ ಟಪ್ ಟಪ್ ಎಂದು ಸಿಡಿದವು, ಹೊಗೆ ನೆಟ್ಟಗೆ ನನ್ನ ಮುಖಕ್ಕೇ ಎದ್ದು ಬಂತು, ನಾನು ಅದರೊಳಗೆ ಮೂಗಿಟ್ಟು ಉಸಿರೆಳೆದೆ — ಬರೀ ಬಿಸಿ, ಒಣ ಎಲೆ ಸುಟ್ಟ ಹಾಗೆ ಏನೋ ಒಂದು, ಘಾಟಿಲ್ಲ, ಸೀನಿಲ್ಲ, ಕಣ್ಣಲ್ಲಿ ಒಂದು ಹನಿ ನೀರೂ ಇಲ್ಲ. ಇನ್ನೊಂದು ಹಾಕಿದೆ. ಅದೂ ಅಷ್ಟೇ. ಕೂಲಿಗೆ ಹೋಗುವ ತಾಯಂದಿರ ಕೂಸುಗಳನ್ನು ನಾನು ನೋಡಿಕೊಳ್ಳುವ, ಪಂಚಾಯಿತಿಯ ಈ ಕೂಸಿನ ಮನೆಯ ಹಿಂದಿನ ಮೆಟ್ಟಿಲ ಮೇಲೆ ಕೂತಿದ್ದೇನೆ, ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ, ಮಾಘದ ಚಳಿ ಮೆಟ್ಟಿಲ ಕಲ್ಲಿನಿಂದ ಸೀರೆಯೊಳಗೆ ಏರುತ್ತಿದೆ, ಬೆನ್ನ ಹಿಂದೆ ಕೋಣೆಯೊಳಗೆ ತೊಲೆಗೆ ಕಟ್ಟಿದ ಸೀರೆಯ ಜೋಕಾಲಿಗಳು ಖಾಲಿ ನೇತಾಡುತ್ತಿವೆ, ನೋಡದಿದ್ದರೂ ಗೊತ್ತು, ಖಾಲಿ ಜೋಕಾಲಿಗೆ ಒಂದು ಬಗೆಯ ಮೌನ ಇರುತ್ತದೆ, ಕೂಸು ಮಲಗಿದ ಜೋಕಾಲಿಯ ಮೌನವೇ ಬೇರೆ, ಅದು ಉಸಿರಾಡುತ್ತದೆ, ಇದು ಉಸಿರಾಡುವುದಿಲ್ಲ. ನಿನ್ನೆ ಒಂದು ಕೂಸೂ ಬರಲಿಲ್ಲ. ಇವತ್ತು ತಾಲ್ಲೂಕಿನಿಂದ ಮೇಡಂ ಬರುತ್ತಾರೆ, ದುರ್ಗಾದೇವಿ ಮೇಡಂ, ಈ ಕೂಸಿನ ಮನೆ ಮುಂದುವರಿಯಬೇಕೋ ಬೇಡವೋ ನೋಡಿ ಬರೆಯುತ್ತಾರಂತೆ, ಅವರು ಬಾಗಿಲಲ್ಲಿ ನಿಂತಾಗ ಜೋಕಾಲಿಗಳು ಹೀಗೇ ಇದ್ದರೆ ಮುಗಿಯಿತು, ಕೂಸಿಲ್ಲದ ಕೂಸಿನ ಮನಿ ತಗೊಂಡು ಏನ್ ಮಾಡೂದು, ಗೋದಾಮ ಆಗ್ಲಿ ಬಿಡು ತಂಗಿ, ನಿನ್ನೆ ಸಂಜೆ ರಾಮಣ್ಣ ನಗುತ್ತಲೇ ಅಂದ, ಪಂಚಾಯಿತಿ ಮೆಂಬರ್ ಅವನು, ಮೆಣಸಿನಕಾಯಿ ವ್ಯಾಪಾರಿಯೂ ಅವನೇ, ಅವನ ನಗೆಯಲ್ಲಿ ಕೆಟ್ಟತನವೂ ಇರಲಿಲ್ಲ, ಅದೇ ನನ್ನನ್ನು ಹೆಚ್ಚು ಸುಟ್ಟಿದ್ದು, ಅವನಿಗೆ ಅದು ಅಷ್ಟು ಸಹಜವಾದ ಮಾತು.

ಕೆಮ್ಮಿನಿಂದ ಶುರುವಾದದ್ದು. ಮೊದಲು ಮೆಣಸಿನಕಾಯಿ ಬಿಡಿಸಲು ಹೋಗುವ ರೇಣಮ್ಮನ ಕೂಸು, ಆಮೇಲೆ ಪಕ್ಕದ ಜೋಕಾಲಿಯದು, ಆಮೇಲೆ ಎಲ್ಲವೂ, ಕಣ್ಣು ಕೆಂಪು, ಮೂಗು ಸೋರುತ್ತಿತ್ತು, ಮಲಗಿದ ಕೂಸು ಕೆಮ್ಮುತ್ತ ಎದ್ದು ಕೂರುತ್ತಿತ್ತು. ಮನೆಗೆ ಹೋದರೆ ಕಡಿಮೆ, ಇಲ್ಲಿ ಬಂದರೆ ಹೆಚ್ಚು. ರೇಣಮ್ಮನ ಅತ್ತೆ ಹಣಮಮ್ಮ ಮೊನ್ನೆ ಬಂದಳು, ಕೋಲೂರಿಕೊಂಡು, ಸೆರಗಿನಲ್ಲಿ ಉಪ್ಪು ಮೆಣಸಿನಕಾಯಿ ಕಟ್ಟಿಕೊಂಡು, ಎಲ್ಲದಾರ ನಮ್ಮ ಯಜಮಾನ್ರು, ಎದ್ದಾರೇನು ಇನ್ನೂ ಮಲಗ್ಯಾರೇನು ಅಂತ ಕೇಳುತ್ತ — ಕೂಸಿಗೆ ಅವಳ ಗಂಡನ ಹೆಸರನ್ನೇ ಇಟ್ಟಿದ್ದಾರೆ, ಸಾಬಣ್ಣ, ಗಂಡನ ಹೆಸರು ಬಾಯಲ್ಲಿ ಹೇಳುವ ಹಾಗಿಲ್ಲ, ಹಾಗಾಗಿ ಇನ್ನೂ ಗೋಡೆ ಹಿಡಿದು ನಿಲ್ಲುವ ಕೂಸು ಅವಳಿಗೆ ಯಜಮಾನರು, ಯಜಮಾನ್ರು ಉಚ್ಚಿ ಹೊಯ್ಕೊಂಡಾರ ನೋಡವಾ ಟೀಚರ್‍ರ, ಅನ್ನುತ್ತಾಳೆ, ನಗದೆ. ಮೊನ್ನೆ ನಗಲಿಲ್ಲ ಯಾರೂ. ಕೂಸುಗಳನ್ನೆಲ್ಲ ಸಾಲಾಗಿ ಕೂರಿಸಿ ನಿವಾಳಿಸಿದಳು, ನಾಯಿ ಕಣ್ಣು ನರಿ ಕಣ್ಣು, ಬಂದೋರ ಕಣ್ಣು ಹೋದೋರ ಕಣ್ಣು, ಕೆಂಡಕ್ಕೆ ಹಾಕಿದಳು. ಎಲ್ಲರಿಗೂ ಗೊತ್ತಿರುವ ಪರೀಕ್ಷೆ ಅದು, ಕಾಯಿ ಸುಟ್ಟಾಗ ಘಾಟು ಬಂದು ಎಲ್ಲರೂ ಕೆಮ್ಮಿದರೆ ಏನಿಲ್ಲ, ದೃಷ್ಟಿ ಇಲ್ಲ, ಘಾಟು ಬರದಿದ್ದರೆ ದೃಷ್ಟಿ ಆಗಿದೆ, ಕಾಯಿಯ ಖಾರವನ್ನೆಲ್ಲ ಆ ಕೆಟ್ಟ ಕಣ್ಣು ತಿಂದಿದೆ. ತಾಯಂದಿರು ಹೊಲದಿಂದ ಬಂದು ಸುತ್ತ ನಿಂತಿದ್ದರು. ಹೊಗೆ ಎದ್ದಿತು. ಕೂಸುಗಳು ಕೆಮ್ಮಿದವು, ಅವು ಮೊದಲೂ ಕೆಮ್ಮುತ್ತಿದ್ದವು, ಅದನ್ನು ಯಾರು ಲೆಕ್ಕಕ್ಕಿಟ್ಟಾರು. ದೊಡ್ಡವರು ಒಬ್ಬರೂ ಸೀನಲಿಲ್ಲ. ಎಲ್ಲೇ ಬಂತು ಘಾಟು, ಯಾರಿಗರ ಬಂತಾ, ಹಣಮಮ್ಮ ಒಬ್ಬೊಬ್ಬರ ಮುಖ ನೋಡಿದಳು, ಯವ್ವಾ ಇದು ಸಣ್ಣ ದೃಷ್ಟಿ ಅಲ್ಲ, ಇಡೀ ಮನಿಗೇ ಹತ್ಯಾದ, ಆವತ್ತು ಬಂದು ಫೋಟೋ ಹೊಡಕೊಂಡು ಹೋದರಲ್ಲ, ಪ್ಯಾಂಟಿನೋರು, ಅವರದೇ ಕಣ್ಣು. ರೇಣಮ್ಮ ಮೊಣಕೈ ಬಾಗಿಸಿ ಕೂಸನ್ನು ಎತ್ತಿಕೊಂಡಳು — ಮೊಣಕೈಯಿಂದ, ಅಂಗೈಯಿಂದಲ್ಲ, ಅಂಗೈಗಳು ಎರಡೂ ಬದಿಗೆ ಚಾಚಿಕೊಂಡೇ ಇದ್ದವು, ಮುಟ್ಟದೆ.

ಆ ಕೈಗಳು. ಈ ಸುಗ್ಗಿ ಶುರುವಾದಾಗಿನಿಂದ ನನಗೆ ಅವೇ ಕಾಣುತ್ತವೆ, ರೊಟ್ಟಿ ಬಡಿಯುವಾಗ, ತಲೆ ಬಾಚುವಾಗ. ಕಾಯಿ ಬಿಡಿಸಿ ಬಿಡಿಸಿ ಖಾರ ಚರ್ಮದೊಳಗೆ ಇಳಿದಿರುತ್ತದೆ, ತೊಳೆದರೆ ಹೋಗುವುದಿಲ್ಲ, ಎಣ್ಣೆ ಹಚ್ಚಿದರೆ ಹೋಗುವುದಿಲ್ಲ, ಮಜ್ಜಿಗೆ ಹಚ್ಚಿದರೆ ತುಸು ತಣ್ಣಗಾಗುತ್ತದೆ ಅಷ್ಟೇ. ಮೊದಲ ವಾರ ರೇಣಮ್ಮ ಮಧ್ಯಾಹ್ನ ಹೊಲದಿಂದ ಓಡಿ ಬಂದು ಮೊಲೆ ಕೊಟ್ಟಳು, ಬೆರಳಿಂದ ಮೊಲೆಯನ್ನು ಬಾಯಿಗೆ ಹಿಡಿದಳು, ಎಲ್ಲ ತಾಯಂದಿರೂ ಹಿಡಿಯುವ ಹಾಗೆ, ಕೂಸು ಬಾಯಿ ಬಿಟ್ಟು ಚೀರಿದ ಚೀರು, ತುಟಿ ದಪ್ಪಗೆ ಊದಿದವು, ಅವಳು ಕೂಸಿನ ಮುಖ ಒರೆಸಲು ಹೋದಳು, ಒರೆಸಿದಲ್ಲೂ ಉರಿ, ಕಣ್ಣಿಗೂ ಉರಿ — ಒರೆಸಬ್ಯಾಡಬೇ ರೇಣಮ್ಮ ಒರೆಸಬ್ಯಾಡ, ನಾನೇ ಕಸಿದುಕೊಂಡೆ, ಅವಳು ಆ ಎರಡೂ ಕೈಗಳನ್ನು ಮೇಲೆತ್ತಿ ಹಾಗೇ ನಿಂತುಬಿಟ್ಟಳು, ಹೊಲದ ಬೆದರುಬೊಂಬೆಯ ಹಾಗೆ, ಕೂಸು ಅವಳ ಕಡೆಗೇ ಚಾಚಿಕೊಂಡು ಅಳುತ್ತಿತ್ತು, ಅವಳೂ ಅಳುತ್ತಿದ್ದಳು, ಕಣ್ಣು ಒರೆಸಿಕೊಳ್ಳಲಿಕ್ಕೂ ಅವಳಿಗೆ ಕೈ ಇರಲಿಲ್ಲ. ಅವತ್ತಿನಿಂದ ನಾನು ಕೂಸನ್ನು ಅವಳ ಎದೆಗೆ ಹಿಡಿಯುತ್ತೇನೆ. ಕೊಬ್ಬರಿ ಎಣ್ಣೆಯಲ್ಲಿ ನೆನೆಸಿದ ಅರಿವೆಯಿಂದ ಮೊದಲು ಅವಳ ಎದೆ ಒರೆಸುತ್ತೇನೆ, ಕುಪ್ಪಸದ ಗುಂಡಿ ನಾನೇ ಬಿಚ್ಚುತ್ತೇನೆ, ಮೊದಲ ದಿನ ಇಬ್ಬರಿಗೂ ನಾಚಿಕೆ, ಆಮೇಲೆ ಇಲ್ಲ, ನನ್ನ ಕೈ ಇಲ್ಲಿ ಅವಳ ಕೈ.

ಯಾದಗಿರಿಯಲ್ಲಿ ತರಬೇತಿ ಕೊಟ್ಟಾಗ ಇದನ್ನು ಹೇಳಿರಲಿಲ್ಲ. ಅಲ್ಲಿ ಹೇಳಿದ್ದು, ಕೂಸಿನ ಜೊತೆ ಮಾತಾಡಿರಿ, ಉತ್ತರ ಬರದಿದ್ದರೂ ಮಾತಾಡಿರಿ, ಇದು ನೀರು, ಇದು ಬಟ್ಟಲು, ಈಗ ನಿನ್ನ ಕಾಲು ತೊಳೀತೀನಿ ಎಂದು. ಎಲ್ಲರೂ ಬರೆದುಕೊಂಡರು. ನಾನು ಬರೆದುಕೊಳ್ಳಲಿಲ್ಲ, ಕುರಿಹಟ್ಟಿ ಕಣ್ಣ ಮುಂದೆ ಬಂತು. ಅಪ್ಪ ಮರಿಲಿಂಗ ಕೊಂಕಲ್ ಕಡೆ ಕುರಿ ಕಾಯುತ್ತಿದ್ದ, ಅವ್ವ ಕೂಲಿಗೆ, ನನ್ನನ್ನು ಕುರಿಹಟ್ಟಿಯಲ್ಲಿ ಮರಿಗಳ ಜೊತೆ ಬಿಟ್ಟು ಹೋಗುತ್ತಿದ್ದಳು, ಮುಳ್ಳಿನ ಬೇಲಿ, ಒಳಗೆ ನಾನು ಮತ್ತು ಮರಿಗಳು, ಸೊಂಟಕ್ಕೆ ಸೀರೆಯ ತುಂಡು, ಅದರ ಇನ್ನೊಂದು ತುದಿ ಗೂಟಕ್ಕೆ. ಯಾರನ್ನೂ ದೂರುತ್ತಿಲ್ಲ, ಅವ್ವ ಇನ್ನೇನು ಮಾಡಬೇಕಿತ್ತು, ಬೇಲಿಯೊಳಗೆ ತೋಳ ಬರುವುದಿಲ್ಲ, ಅಷ್ಟು ಅವಳ ಕೈಲಾದದ್ದು. ಹಗಲಿಡೀ ಮನುಷ್ಯರ ಮಾತು ಇಲ್ಲ. ಮರಿಗಳ ವಾಸನೆ, ಬಿಸಿಲು, ಒಣ ಹಿಕ್ಕೆ. ಸಂಜೆ ಕುರಿಗಳು ಬಂದಾಗ ಮಾತ್ರ ಒಮ್ಮೆಲೇ ಗದ್ದಲ, ಮರಿಗಳು ಬೇಲಿಗೆ ನುಗ್ಗುತ್ತಿದ್ದವು, ಅಷ್ಟು ಕುರಿಗಳ ನಡುವೆ ಪ್ರತಿಯೊಂದು ಮರಿಯೂ ತನ್ನ ತಾಯಿಯನ್ನೇ ಮೂಸಿ ಹುಡುಕುತ್ತಿತ್ತು, ತಪ್ಪುತ್ತಿರಲಿಲ್ಲ, ಮೊಣಕಾಲೂರಿ ಕೆಚ್ಚಲಿಗೆ ಗುದ್ದುತ್ತಿತ್ತು, ನಾನು ಗೂಟದ ಪಕ್ಕ ಕೂತು ನೋಡುತ್ತಿದ್ದೆ, ನನ್ನ ತಾಯಿ ಕೊನೆಗೆ ಬರುತ್ತಿದ್ದಳು, ಕತ್ತಲಾದ ಮೇಲೆ. ನಾನು ಮಾತು ಕಲಿತದ್ದು ಭಾಳ ತಡ. ಮೂಕಿ ಅಂದರು, ಕೊಡೇಕಲ್ಲಿಗೆ ಒಯ್ದು ಹರಕೆ ಹೊತ್ತರು. ಮಾತು ಬಂತು ಕೊನೆಗೆ, ಸುರಪುರದ ಕಾಲೇಜಿನಲ್ಲಿ ಬಿ.ಎ. ಆಯಿತು, ಆದರೂ ನಾಲ್ಕು ಜನ ಕೂಡಿದ ಕಡೆ ನಾಲಿಗೆ ಇವತ್ತಿಗೂ ಆ ಗೂಟಕ್ಕೆ ಕಟ್ಟಿದ ಹಾಗೇ ಇರುತ್ತದೆ, ಸೌಭಾಗ್ಯ ಒಳ್ಳೆ ಹುಡುಗಿ ಎದುರು ಮಾತಾಡಂಗಿಲ್ಲ, ಎಂದು ನೋಡಿಕೊಂಡು ಈ ಊರಿಗೆ ಸೊಸೆ ಮಾಡಿಕೊಂಡರು. ಕೂಸುಗಳ ಜೊತೆ ಮಾತ್ರ ಮಾತಾಡುತ್ತೇನೆ, ದಿನವಿಡೀ, ಇದು ನೀರು ಸಾಬಣ್ಣ, ಇದು ಬಟ್ಟಲು, ನೋಡು ಅಳಿಲು ಬಂತು, ಹೋಯಿತು — ಅದು ಕಣ್ಣರಳಿಸಿ ನನ್ನ ಬಾಯಿಯನ್ನೇ ನೋಡುತ್ತದೆ, ಮಾತು ಎಲ್ಲಿಂದ ಬರುತ್ತದೆ ಎಂದು ಒಮ್ಮೆ ಬೆರಳು ನನ್ನ ಬಾಯೊಳಗೇ ಹಾಕಿತು.

ಘಾಟು ಇಲ್ಲ. ನಾನು ಈಗ ಯಾರಿಗೂ ನಿವಾಳಿಸಿಲ್ಲವಲ್ಲ. ತಡಿ, ತಡಿ — ಸುಮ್ಮನೆ ಬುಟ್ಟಿಯಿಂದ ಎರಡು ಕಾಯಿ ತೆಗೆದು ಕೆಂಡಕ್ಕೆ ಹಾಕಿದ್ದೇನೆ, ಯಾವ ಕೂಸಿನ ಮುಖಕ್ಕೂ ತಿರುಗಿಸಿಲ್ಲ, ಆದರೂ ಘಾಟಿಲ್ಲ, ಹಾಗಾದರೆ ಇದು ಯಾರ ದೃಷ್ಟಿ, ಮೆಟ್ಟಿಲ ಕಲ್ಲಿನದೇ? ಘಾಟು ಹೋದದ್ದು ಕಾಯಿಯದಲ್ಲ, ಮೂಗಿನದು. ತಿಂಗಳಿನಿಂದ ಊರಿನ ಕಣಗಳಲ್ಲಿ, ಮಾಳಿಗೆಗಳ ಮೇಲೆ, ರಸ್ತೆಯ ಅಂಚಿನಲ್ಲಿ ಮೆಣಸಿನಕಾಯಿ ಕೆಂಪಗೆ ಹರಡಿದೆ, ಸೊಂಟದುದ್ದ ರಾಶಿ, ಅದರ ಮೇಲೆ ನಡೆಯುತ್ತೇವೆ, ಅದರ ಪಕ್ಕ ಉಣ್ಣುತ್ತೇವೆ, ಮೊದಲ ವಾರ ಎಲ್ಲರೂ ಸೀನಿದೆವು, ಆಮೇಲೆ ನಿಂತಿತು, ನಿಂತದ್ದು ಯಾರಿಗೂ ಗೊತ್ತಾಗಲಿಲ್ಲ, ನೋವು ನಿಂತರೆ ಗೊತ್ತಾಗುತ್ತದೆಯೇ. ಕೂಸಿನ ಮನೆಯಲ್ಲೂ ಅಷ್ಟೇ. ಒಳಗೋಡೆಯುದ್ದಕ್ಕೆ ರಾಮಣ್ಣ ಒಟ್ಟಿದ ಚೀಲಗಳು, ಎರಡು ದಿನದ ಮಾತು ತಂಗಿ, ಧಾರಣಿ ಏರಿದ ಕೂಡ್ಲೆ ಒಯ್ತೀನಿ, ಕೂಸಿನ ಪಾಡಿಗೆ ಕೂಸು, ಚೀಲದ ಪಾಡಿಗೆ ಚೀಲ. ನಾನು ಹೋಗಿ ಹೇಳಿದ್ದೆ ಅವನಿಗೆ, ನೆಲ ನೋಡುತ್ತ, ಕೂಸುಗಳಿಗೆ ಘಾಟು ಆಗ್ತದೇನೋ ಅಣ್ಣಾರ. ಘಾಟಾ, ಅವನು ನಿಜವಾಗಿಯೂ ಬಂದು ಮೂಗೆಳೆದು ನೋಡಿದ, ಎಲ್ಲದ ಘಾಟು, ನನಗ ಬರವಲ್ದು, ನಿನಗ ಬರ್ತದೇನು, ಖರೇ ಹೇಳು. ನನಗೂ ಬರುತ್ತಿರಲಿಲ್ಲ. ಸುಳ್ಳು ಹೇಳಲಾಗಲಿಲ್ಲ. ಸುಮ್ಮನೆ ಬಂದೆ. ಸುಮ್ಮನೆ ಬರುವುದು ನನಗೆ ಚೆನ್ನಾಗಿ ಬರುತ್ತದೆ.

ಇವತ್ತು ಬರುವುದಿಲ್ಲ. ಎದ್ದೆ, ಕೆಂಡದ ಹಂಚನ್ನು ಎರಡು ಅರಿವೆ ಸುತ್ತಿ ಹಿಡಿದೆ, ಬುಟ್ಟಿಯನ್ನು ಕಂಕುಳಲ್ಲಿಟ್ಟೆ, ನಾಲ್ಕು ದಾರಿ ಕೂಡುವ ಕಡೆ ನಡೆದೆ, ಅಲ್ಲಿಂದಲೇ ಕೂಲಿಯವರ ಟಂಟಂ ಆಟೋ ಹೊರಡುತ್ತದೆ ಹೊಲಕ್ಕೆ, ನಮ್ಮವರದೇ ಗಾಡಿ. ಹೆಂಗಸರು ಆಗಲೇ ತಲೆಗೆ ಅರಿವೆ ಕಟ್ಟಿಕೊಂಡು ನಿಂತಿದ್ದಾರೆ, ಕೂಸುಗಳು ಬೆನ್ನಿಗೆ, ಸೊಂಟಕ್ಕೆ, ಇವತ್ತು ಹೊಲಕ್ಕೇ ಒಯ್ಯುತ್ತಾರೆ, ಬದುವಿನ ಮೇಲೆ ಚಾದರ ಹಾಸಿ ಕಾಯಿ ರಾಶಿಯ ಪಕ್ಕದಲ್ಲೇ ಮಲಗಿಸುತ್ತಾರೆ, ನಿನ್ನೆಯೂ ಹಾಗೇ ಮಾಡಿದ್ದು. ನಾನು ಹಂಚನ್ನು ಟಂಟಮ್ಮಿನ ಮುಂದಿನ ಗಾಲಿಯ ಹತ್ತಿರ ಇಟ್ಟೆ, ಮುಷ್ಟಿ ತುಂಬ ಕಾಯಿ ಹಿಡಿದು ಗಾಡಿಯ ಮೂತಿಗೆ ಮೂರು ಸುತ್ತು ನಿವಾಳಿಸಿದೆ. ಗಂಡ ಮೌನೇಶ ಸೀಟಿನಿಂದ ತಲೆ ಹೊರಗೆ ಹಾಕಿದ, ಏ ಏನ್ ಹಚ್ಚೀಯೇ ಮುಂಜಾನೆದ್ದು, ಬಾಡಿಗಿ ಹೊತ್ತು, ಮಂದಿ ನೋಡಾಕತ್ತಾರ. ನೋಡ್ಲಿ, ಅಂದೆ, ನೋಡ್ಲಿ ಅಂತೇ ಮಾಡಾಕತ್ತೇನಿ. ಕಾಯಿ ಕೆಂಡಕ್ಕೆ ಬಿತ್ತು. ಹೊಗೆ. ಎಲ್ಲರೂ ಮೂಗು ಮುಂದೆ ಮಾಡಿದರು. ಘಾಟಿಲ್ಲ. ನೋಡ್ರಿ, ಅಂದೆ, ದನಿ ನಡುಗಿತು, ನಡುಗಲಿ, ನೋಡ್ರಿ, ಗಾಡಿಗೂ ಘಾಟು ಬರಲಿಲ್ಲ, ಅಂದ್ರ ಇದು ದೃಷ್ಟಿ ಅಲ್ಲ — ನನ್ನ ಮಾತು ಮುಗಿಯಲೇ ಇಲ್ಲ, ಹಣಮಮ್ಮ ಕೋಲು ಕುಟ್ಟಿದಳು, ಅಯ್ಯ ಶಿವನೇ, ಗಾಡಿಗೂ ಹತ್ಯಾದ ನೋಡ್ರೇ! ಹೌದಲ್ಲ, ಮೊನ್ನೆ ಕೆಂಭಾವಿ ರಸ್ತ್ಯಾಗ ಟೈರು ಢಮ್ಮಂದಿದ್ದು ಸುಳ್ಳೇನು, ಅಂದಳು ಇನ್ನೊಬ್ಬಳು, ಮೌನೇಶ ಕೂಡ ಗಾಬರಿಯಿಂದ ಟೈರು ನೋಡಿಕೊಂಡ, ನನ್ನ ಗಂಡ, ಎಸ್ಸೆಸ್ಸೆಲ್ಸಿ ಪಾಸು. ಹಾಗಾದರೆ ಈ ಕಲ್ಲು, ಅಂದೆ ಹಟಕ್ಕೆ ಬಿದ್ದು, ರಸ್ತೆಯ ಬದಿಯ ಮೈಲುಗಲ್ಲಿಗೆ ನಿವಾಳಿಸಿದೆ, ಸುರಪುರ ಎಂದು ಬರೆದ ಕಲ್ಲಿಗೆ, ಕಲ್ಲಿಗೂ ಘಾಟಿಲ್ಲ, ಕಲ್ಲಿಗೂ ಹತ್ತೇದೇನು ದೃಷ್ಟಿ? ಹತ್ತಂಗಿಲ್ಲೇನು ಟೀಚರ್‍ರ, ಅದಕ್ಕ ಲಾರಿ ಬಡದು ಮೂಲಿ ಮುರದದ ನೋಡು, ಅಂದರು. ನಗು ಬಂತು, ಅಳುವೂ ಬಂತು, ಬಿ.ಎ. ಓದಿದ್ದೆಲ್ಲ ಆ ಮೈಲುಗಲ್ಲಿನ ಮುಂದೆ ಮಂಡಿಯೂರಿ ಕೂತಿತ್ತು, ಇನ್ನು ಏನನ್ನು ನಿವಾಳಿಸಲಿ, ಇಡೀ ಊರನ್ನೇ? ಹೆಂಗಸರು ಗಾಡಿ ಹತ್ತತೊಡಗಿದರು. ಸಾಬಣ್ಣ ತಾಯಿಯ ಹೆಗಲಿನಿಂದ ನನ್ನನ್ನು ನೋಡಿ ಕೈ ಚಾಚಿತು.

ಆಗ ಸರದಾರಸಾಬ ಬಂದ. ಗುರುಮಠಕಲ್‌ನಿಂದ ಮೋಟಾರ್‌ಸೈಕಲ್ಲಿನ ಹಿಂದೆ ಸ್ಟೀಲ್ ಪಾತ್ರೆಗಳ ಗುಡ್ಡ ಕಟ್ಟಿಕೊಂಡು ಬರುವವನು, ಸುಗ್ಗಿಯಲ್ಲಿ ಕೈಯಲ್ಲಿ ದುಡ್ಡು ಆಡುವಾಗ ಬರುತ್ತಾನೆ, ವರ್ಷಕ್ಕೊಮ್ಮೆ, ಕೊಡ ಬೇಕ್ರೇನವ್ವಾ ಬಿಂದಿಗಿ ಬೇಕ್ರೇನವ್ವಾ — ಬಿಂದಿಗಿ ಎಂಬ ಮಾತು ಅರ್ಧಕ್ಕೇ ಒಡೆಯಿತು, ಗಾಡಿ ವಾಲಿತು, ಕಾಲೂರಿ ನಿಂತು ಸೀನಿದ, ಮತ್ತೆ ಸೀನಿದ, ಪಾತ್ರೆಗಳೆಲ್ಲ ಝಣಝಣ ಅಂದವು, ಕೆಮ್ಮಿ ಕೆಮ್ಮಿ ಕುತ್ತಿಗೆಯ ನರ ಉಬ್ಬಿತು, ಕಣ್ಣಿನಿಂದ ನೀರು ಗಡ್ಡಕ್ಕೆ ಇಳಿಯಿತು, ಯಾ ಅಲ್ಲಾ, ಏನವ್ವಾ ಇದು, ಬೋಣಿ ಆಗೂಕಿಂತ ಮೊದಲೇ ಜೀವ ತಗೀತೀರೇನು, ಏನ್ ಘಾಟಿದು! ಟಂಟಮ್ಮಿಗೆ ಕಾಲಿಟ್ಟವರು ಕಾಲಿಟ್ಟಂತೆಯೇ ನಿಂತರು. ಹಣಮಮ್ಮ ಮೆಲ್ಲಗೆ ಅವನ ಹತ್ತಿರ ಹೋದಳು, ಏನಂದಿ ತಮ್ಮಾ, ಘಾಟು ಬಂತಾ ನಿನಗ, ಎಲ್ಲಿ ಬಂತು? ಎಲ್ಲಿ ಬಂತಾ, ಮೂಗ್ನ್ಯಾಗ ಬಂತು, ಕಣ್ಣಾಗ ಬಂತು, ಎದ್ಯಾಗ ಬಂತು, ಇನ್ನೆಲ್ಲಿ ಬರಬೇಕ್ರಿ ಆಯಿ, ನಿಮಗ ಬರವಲ್ದೇನು, ಇಡೀ ಊರಿಗೇ ಮೂಗಿಲ್ಲೇನು? ಹಣಮಮ್ಮ ಹಂಚನ್ನು ನೋಡಿದಳು, ತನ್ನ ಮೂಗನ್ನು ಮುಟ್ಟಿಕೊಂಡಳು, ಹೆರವರ ಮೂಗು ಮುಟ್ಟಿದ ಹಾಗೆ. ಆಮೇಲೆ ಮುದುಕಿ ಏನು ಮಾಡಿದಳು, ಅವನ ತೋಳು ಹಿಡಿದಳು, ಬಾ ತಮ್ಮಾ, ಒಂದು ಜಾಗಾ ಮೂಸಿ ನೋಡಿ ಹೇಳಬೇಕು ನೀನು, ಪಾತ್ರಿ ಹಿಡ್ಕೋರೇ ಯಾರರ, ನಿನ್ನ ಹತ್ರ ಒಂದು ಕೊಡ ತಗೋತೀನಿ ನಡಿ. ನಾನಲ್ಲ ಹೇಳಿದ್ದು. ನನಗೆ ಅದು ಹೊಳೆದಿರಲೂ ಇಲ್ಲ.

ಮೆರವಣಿಗೆಯ ಹಾಗೆ ಹೋದೆವು, ಮುಂದೆ ಮುದುಕಿ, ಅವಳ ಕೈಯಲ್ಲಿ ಸರದಾರಸಾಬ, ಹಿಂದೆ ಕೂಸು ಹೊತ್ತ ಹೆಂಗಸರು. ಕೂಸಿನ ಮನೆಯ ಬಾಗಿಲು ತೆರೆದೆ. ಅವನು ಹೊಸ್ತಿಲೊಳಗೆ ತಲೆ ಹಾಕಿದ, ತಕ್ಷಣ ಹಿಂದಕ್ಕೆ ಜಿಗಿದ, ಮೂಗು ಮುಚ್ಚಿಕೊಂಡ, ಸೀನಲಿಲ್ಲ ಈ ಸಲ, ಹಾಗೇ ಜೋಕಾಲಿಗಳನ್ನು ನೋಡಿದ, ಗೋಡೆಯ ಚೀಲಗಳನ್ನು ನೋಡಿದ, ಇಲ್ಲಿ ಕೂಸು ಮಲಗಿಸ್ತೀರೇನವ್ವಾ, ಅಂದ. ಅಷ್ಟೇ. ನಾನು ಎಷ್ಟೋ ಮೌನಗಳನ್ನು ಬಲ್ಲೆ, ಹಟ್ಟಿಯ ಮೌನ, ಅವ್ವನ ಮೌನ, ಪರೀಕ್ಷೆಯ ಕೋಣೆಯ ಮೌನ, ಇದು ಯಾವುದೂ ಅಲ್ಲ, ಇದು ಒಂದು ಭಾರವಾದದ್ದನ್ನು ಎತ್ತುವ ಮೊದಲಿನ ಮೌನ. ಎತ್ತಿದ್ದು ರೇಣಮ್ಮ. ಕೂಸನ್ನು ನನಗೆ ಕೊಟ್ಟು ಸೀದಾ ಒಳಗೆ ಹೋಗಿ ಚೀಲದ ಕಿವಿಗೆ ಕೈ ಹಾಕಿದಳು, ನಡೀರೇ, ನಿಂತೀರಿ ಏನು ಗರುಡಗಂಬದಂಗ. ಎಳೆದರು, ಹೊತ್ತರು, ಉರುಳಿಸಿದರು, ಮೌನೇಶ ಟಂಟಮ್ಮನ್ನು ಬಾಗಿಲಿಗೆ ಹಿಮ್ಮುಖ ಹಚ್ಚಿದ, ಚೀಲಗಳು ರಾಮಣ್ಣನ ಅಂಗಳಕ್ಕೆ ಹೋದವು, ಮರಳಿ ಬರುವಾಗ ಕಾಲುವೆಯ ನೀರು ಡ್ರಮ್ಮಿನಲ್ಲಿ ಬಂತು. ಹಿಂದೆಯೇ ರಾಮಣ್ಣ ಓಡಿ ಬಂದ, ಹಲ್ಲುಜ್ಜುವ ಬೇವಿನಕಡ್ಡಿ ಬಾಯಲ್ಲೇ, ಯಾರ ಪರವಾನಗಿ ತಗೊಂಡು ಮುಟ್ಟಿದ್ರಿ ಚೀಲ? ಸರದಾರಸಾಬನ ಮೂಗಿನ ಪರವಾನಗಿ, ಅಂದಳು ಹಣಮಮ್ಮ, ಏನ್ ಮಾಡ್ಕೋತಿ ಮಾಡ್ಕೋ, ನಮ್ಮ ಯಜಮಾನ್ರು ಕೆಮ್ಮಿ ಕೆಮ್ಮಿ ಸೊರಗ್ಯಾರ. ನಕ್ಕರು ಎಲ್ಲರೂ, ರಾಮಣ್ಣನೂ ನಗಬೇಕೋ ಬೇಡವೋ ಎಂದು ನಿಂತ, ಮ್ಯಾಡಂ ಬರ್ಲಿ, ಹೇಳ್ತೀನಿ, ಅಂದು ಹೋದ.

ನೆಲ ತೊಳೆದೆ. ಗೋಡೆ ತೊಳೆದೆ, ಜೋಕಾಲಿಯ ಸೀರೆಗಳನ್ನು ಬಿಚ್ಚಿ ಬೇರೆ ಕಟ್ಟಿದೆ. ನೀರು ಕೆಂಪಗೆ ಹರಿದು ಹೋಯಿತು, ಕೊನೆಗೆ ತಿಳಿಯಾಯಿತು, ಕಾಲುವೆಯ ನೀರು, ಕೃಷ್ಣೆಯ ನೀರು — ಎಷ್ಟು ದೂರದಿಂದ ತಂದಿದ್ದಾರೆ ಇದನ್ನು, ಬಂಡೆ ಒಡೆದು, ಗುಡ್ಡ ಕಡಿದು, ಸರ್ಕಾರದ ದುಡ್ಡಿನಲ್ಲಿ, ಒಂದು ಮೆಣಸಿನ ಗಿಡ ಒಣಗಬಾರದು ಎಂದು. ನೀರು ಬಿಡಲಿಕ್ಕೆ ನೀರಗಂಟಿ ಇದ್ದಾನೆ, ಅವನಿಗೆ ಸಂಬಳ, ಗೇಟಿಗೆ ಎಣ್ಣೆ, ಕಾಲುವೆ ಒಡೆದರೆ ಇಂಜಿನಿಯರು ಓಡಿ ಬರುತ್ತಾರೆ, ಅದಕ್ಕೆಲ್ಲ ಯಾಕೆ ಖರ್ಚು ಎಂದು ಯಾರೂ ಕೇಳುವುದಿಲ್ಲ, ಕೇಳಬಾರದು ಕೂಡ. ಆ ಗಿಡದ ಕಾಯಿ ಬಿಡಿಸುವವಳ ಕೂಸಿಗೆ ಒಂದು ಕೋಣೆ, ಒಬ್ಬಳಲ್ಲ ಇಬ್ಬರು ನೋಡಿಕೊಳ್ಳುವವರು, ಬಿಸಿ ಗಂಜಿ, ಒಂದು ತತ್ತಿ, ನಲ್ಲಿಯಲ್ಲಿ ನೀರು, ಟಂಟಂ ಹೊರಡುವ ಹೊತ್ತಿಗೆ ತೆರೆಯುವ ಬಾಗಿಲು — ನಾನು ತೆರೆಯುವುದು ಅದಕ್ಕೇ, ನಿಯಮದಲ್ಲಿ ಹತ್ತಕ್ಕೆ ಎಂದಿದ್ದರೂ, ಹತ್ತಕ್ಕೆ ಯಾವ ಕೂಲಿಯವಳು ಮನೆಯಲ್ಲಿರುತ್ತಾಳೆ — ಇಷ್ಟು ಕೇಳಿದರೆ ದುಡ್ಡು ಮೇಲಿಂದ ಬರಬೇಕು ಅನ್ನುತ್ತಾರೆ, ಊರ ಬಾಗಿಲಿಗೆ ಕಮಾನು ಕಟ್ಟಲು ಮಾತ್ರ ಅದು ಇಲ್ಲೇ ಸಿಕ್ಕುತ್ತದೆ. ಪುಣ್ಯದ ಕೆಲಸ ಮಾಡ್ತೀಯವ್ವಾ ಅನ್ನುತ್ತಾರೆ ನನಗೆ. ಪುಣ್ಯ ಬೇಡ. ನೀರಗಂಟಿಗೆ ಯಾರೂ ಪುಣ್ಯ ಅನ್ನುವುದಿಲ್ಲ, ಅವನದು ಕೆಲಸ. ಇದನ್ನೇ ಹೇಳಬೇಕು ಮೇಡಂಗೆ, ಹೀಗೇ, ಇದೇ ಕ್ರಮದಲ್ಲಿ, ಮೊದಲು ಕಾಲುವೆ, ಆಮೇಲೆ ಕೋಣೆ, ಬಾಯಲ್ಲಿ ಹೇಳಿ ಹೇಳಿ ನೋಡಿದೆ, ಜೋಕಾಲಿ ತೂಗುತ್ತ, ತಾಯಂದಿರು ಬಿಟ್ಟು ಹೊಲಕ್ಕೆ ಹೋದ ಕೂಸುಗಳು ಕೇಳಿದವು, ಒಂದು ಆಕಳಿಸಿತು, ಮಲಗಿದವು, ಯಾವುದೂ ಕೆಮ್ಮಲಿಲ್ಲ. ಜೋಕಾಲಿಗಳ ಮೌನ ಉಸಿರಾಡುತ್ತಿದೆ.

ಮಧ್ಯಾಹ್ನ. ರೇಣಮ್ಮ ಓಡಿ ಬಂದಳು, ಎದೆಯ ಮೇಲೆ ಕುಪ್ಪಸ ಒದ್ದೆ, ಕೈಗಳು ಬದಿಗೆ, ಎತ್ತಿ, ಯಾವುದನ್ನೂ ಮುಟ್ಟದೆ ಬಾಗಿಲನ್ನು ಭುಜದಿಂದ ನೂಕಿದಳು, ಕೆಮ್ಮಿದನೇನ್ರಿ? ಇಲ್ಲ, ಅಂದೆ, ಒಮ್ಮಿನೂ ಇಲ್ಲ. ಅವಳು ಗೋಡೆಗೆ ಒರಗಿ ಕೂತಳು, ಕಾಲು ಚಾಚಿ, ನಾನು ಎದೆ ಒರೆಸಿದೆ, ಕೂಸನ್ನು ಹಿಡಿದೆ, ಒಂದು ಕೈ ಅದರ ತಲೆಯ ಹಿಂದೆ, ಒಂದು ಕೈ ಅವಳ ಮೊಲೆಯ ಕೆಳಗೆ, ಸಾಬಣ್ಣ ಗುದ್ದಿತು, ಮರಿಯ ಹಾಗೆ, ಸಿಕ್ಕಿತು ಅದಕ್ಕೆ. ಅವಳು ಕಣ್ಣು ಮುಚ್ಚಿದಳು. ಹೊರಗೆ ಜೀಪಿನ ಸದ್ದು, ರಾಮಣ್ಣನ ದನಿ, ನಾ ಹೇಳಿದ್ನೆಲ್ರಿ ಮೇಡಮ್ಮೋರ, ಕೂಸುಗಳೇ ಬರಂಗಿಲ್ಲ ಇಲ್ಲಿ, ಸುಮ್ಮನ ಖರ್ಚು — ಬಾಗಿಲಲ್ಲಿ ನೆರಳು, ಎತ್ತರದ ಹೆಂಗಸು, ಕೈಯಲ್ಲಿ ಪೆನ್ನು, ಅವನಿಗೆ ಒಳಗೆ ಬರಬೇಡಿ ಎಂದು ಕೈ ಅಡ್ಡ ಹಿಡಿದರು, ಬಾಗಿಲು ಸ್ವಲ್ಪ ಮುಂದೆ ಎಳೆದರು, ಒಳ್ಳೆಯವರಿರಬೇಕು, ಯಾರ್‍ರೀ ಇಲ್ಲಿ ನೋಡ್ಕೊಳ್ಳೋರು, ನೀವಾ, ರಿಜಿಸ್ಟರ್ ತಗೊಂಡು ಬರ್ರಿ. ಏಳಬೇಕು. ಅಧಿಕಾರಿಗಳು ಬಂದರೆ ಏಳಬೇಕು, ಅಪ್ಪ ಏಳುತ್ತಿದ್ದ, ಅವ್ವ ಏಳುತ್ತಿದ್ದಳು, ನನ್ನ ಮೊಣಕಾಲು ಆಗಲೇ ಏಳಲು ಹೊರಟಿತ್ತು, ಕೂಸಿನ ಬಾಯಿ ಸಡಿಲವಾಯಿತು, ರೇಣಮ್ಮ ಕಣ್ಣು ತೆರೆದಳು, ಅವಳ ಕೈಗಳು ಕೂಸಿನ ಕಡೆ ಬಂದವು, ಅಷ್ಟರಲ್ಲೇ ನಿಂತವು. ಕೂತೆ. ನನ್ನ ಕೈ ಖಾಲಿ ಇಲ್ರಿ ಮೇಡಮ್ಮೋರ, ಅಂದೆ, ಬರ್ರಿ, ಕೂಡ್ರಿ, ನಿಮಗ ಹೇಳೂದು ಭಾಳ ಅದ — ಆ ದನಿ ನನ್ನದು, ನಡುಗಲಿಲ್ಲ, ಗೂಟ ಎಲ್ಲೋ ಹಿಂದೆ ಉಳಿಯಿತು. ಅವರು ಚಪ್ಪಲಿ ಬಿಟ್ಟರು. ಚಾಪೆಯ ಅಂಚಿಗೆ ಕೂತರು, ಪೆನ್ನು ಕೈಯಲ್ಲೇ ಇದೆ. ಹೇಳ್ರಿ, ಅಂದರು. ಎಲ್ಲ ಇದೆ ನನ್ನ ಬಾಯಲ್ಲಿ, ಮೊದಲು ಕಾಲುವೆ, ಆಮೇಲೆ ಕೋಣೆ, ನೀರು, ಗಂಜಿ, ಇಬ್ಬರು, ಬಾಗಿಲು ತೆರೆಯುವ ಹೊತ್ತು, ಎಲ್ಲ ಹೇಳುತ್ತೇನೆ, ಇವತ್ತು ಒಂದೂ ಬಿಡದೆ ಹೇಳುತ್ತೇನೆ, ಕೂಸು ಗುಟುಕರಿಸುತ್ತಿದೆ, ಮೇಡಂ ನನ್ನನ್ನು ನೋಡುತ್ತಿಲ್ಲ, ಬರೆಯುತ್ತಲೂ ಇಲ್ಲ, ಅವರೂ ಅಲ್ಲೇ ನೋಡುತ್ತಿದ್ದಾರೆ, ರೇಣಮ್ಮನ ಎರಡು ಕೈ, ಕೂಸಿನ ಆ ಬದಿ ಒಂದು ಈ ಬದಿ ಒಂದು, ಗಾಳಿಯಲ್ಲಿ, ಕೆಂಪಗೆ, ಬೆರಳು ಬಿಡಿಸಿಕೊಂಡು, ಅಷ್ಟು ಹತ್ತಿರ, ಮುಟ್ಟದೆ, ಆ ಎರಡು ಕೈ —